ಹೋಗಾಕ ಏಳು ತಾಸು, ಬರಾಕ ಎರಡು

ಹೋದ ವಾರ ಬನಿಯನ್ ಒಗೆಯಲು ಹಾಕುವಾಗ ಅದರ ಒಳಕಿಸೆಯಿಂದ ಒಂದು ಕಾಗದ ಬಿತ್ತು. ನಾಲ್ಕು ಮಡಿಕೆಯ ಕಾಗದ, ಬೆವರಿಗೆ ಮೆತ್ತಗಾಗಿ ನೆನೆದ ಹಪ್ಪಳದಂತಾಗಿತ್ತು. ಬಿಚ್ಚಿ ನೋಡಿದರೆ ನನ್ನ ಮಗಳು ಗಿರಿಜಾಳ ವಿಮಾನದ ಟಿಕೇಟು. ಸಿಂಗಾಪುರದಿಂದ ಬೆಂಗಳೂರು. ಬಂದವಳು ಬಂದು, ಉಂಡು, ಎಲ್ಲರನ್ನೂ ನಗಿಸಿ ತಿರುಗಿ ಹೋದದ್ದೂ ಆಯಿತು, ಆದರೂ ಅದನ್ನು ಬಿಸಾಡಲು ಮನಸ್ಸಾಗಲಿಲ್ಲ. ಒಣಗಿದ ಬನಿಯನ್ನಿನ ಕಿಸೆಗೆ ಹಾಕಿಕೊಂಡೆ.

"ಇನ್ನೂ ಅದನ್ಯಾಕ ಎದಿಗೆ ಅವಚಿಕೊಂಡೀರಿ?" ಅಂದಳು ನಮ್ಮ ಮನೆಯಾಕಿ ಗಂಗವ್ವ. "ಮತ್ತೊಮ್ಮೆ ಮರ್ಯಾದಿ ಕಳಕೊಳ್ಳಾಕೇನು?"

ಆಕೆ ಹಾಗೆ ಅನ್ನಲು ಕಾರಣ ಐತಿ. ಅದನ್ನು ನಾನೇ ಹೇಳಿಬಿಡುತ್ತೇನೆ. ನಮ್ಮೂರು ಶಲವಡಿಯ ಕಟ್ಟೆಯ ಮೇಲೆ ಬ್ಯಾರೆಯವರ ಬಾಯಿಂದ ಕೇಳಿದರೆ ಅದಕ್ಕೆ ನಾಲ್ಕು ಕೊಂಬು, ಎರಡು ಬಾಲ ಹೆಚ್ಚಿಗೆ ಇರುತ್ತವೆ.

ನಾನು ಸಾಲಿ ಕಲಿತದ್ದು ನಾಲ್ಕನೇತ್ತೆತನಕ. ಐದನೇತ್ತೆಯ ಬಾಗಿಲಿನತನಕ ಹೋಗಿ ತಿರುಗಿ ಬಂದೆ. ಮನೆಯಲ್ಲಿ ಎತ್ತು ಹೂಡುವವರಿರಲಿಲ್ಲ. ಹಾಗಾಗಿ ನನಗೆ ಗೊತ್ತಿರುವ ಲೆಕ್ಕವೆಲ್ಲ ಚಕ್ಕಡಿಯ ಮೇಲೆ ಕುಂತು ಕಲಿತದ್ದು. ಒಂದು ಹರದಾರಿ ಅಂದರೆ ಈಗಿನ ಐದು ಕಿಲೋಮೀಟರ ಆಸುಪಾಸು. ಭಾರ ಹೊತ್ತ ಚಕ್ಕಡಿ ದಿನಕ್ಕೆ ಆರು ಹರದಾರಿ ನಡೆದರೆ ಎತ್ತುಗಳಿಗೆ ಶಾಬಾಸ್ ಅನ್ನಬೇಕು. ಗಿರಿಜಾ ನರ್ಸ್ ಆಗಿ ಸಿಂಗಾಪುರಕ್ಕೆ ಹೋದ ವರ್ಷ, ಬೆಂಗಳೂರಿಂದ ಅದು ಎಷ್ಟು ದೂರ ಅಂತ ಕೇಳಿದ್ದೆ. ಮೂರು ಸಾವಿರ ಕಿಲೋಮೀಟರಿಗೂ ಮೇಲೆ ಅಂದಿದ್ದಳು. ನಾನು ಬೆರಳು ಎಣಿಸಿದೆ. ಆರುನೂರು ಹರದಾರಿಗೂ ಹೆಚ್ಚಾಯಿತು. ನಡುವೆ ಸಮುದ್ರ ಇಲ್ಲ ಅಂತ ತಿಳಿದುಕೊಂಡರೂ ನಮ್ಮ ಚಕ್ಕಡಿಗೆ ನೂರು ದಿನದ ಹಾದಿ. ಜೋಳ ಬಿತ್ತಿ ಹೊರಟರೆ ಸುಗ್ಗಿಗೆ ಮುಟ್ಟಬಹುದು. ಅಷ್ಟು ದೂರವನ್ನು ನನ್ನ ಮಗಳು ಒಂದೇ ಹೊತ್ತಿನಲ್ಲಿ ಮುಗಿಸಿದಳು ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಚಹಾದಂಗಡಿಯವನು ನನ್ನ ಮುಖ ಕಂಡರೆ ರೇಡಿಯೋ ಸಪ್ಪಳ ಏರಿಸುತ್ತಿದ್ದ.

ಇರಲಿ. ಹೇಳಬೇಕಾದ ಮುಖ್ಯ ಸುದ್ದಿಯನ್ನೇ ಬಿಟ್ಟೆ. ನಾನು ಅಜ್ಜ ಆದೆನ್ರಿ! ನನ್ನ ಮಗ ಈರಣ್ಣನಿಗೆ ಹೆಣ್ಣುಕೂಸು ಹುಟ್ಟಿತು. ಸೊಸೆ ಸಾವಿತ್ರಿಯ ತವರು ಕುಂದಗೋಳ, ಚೊಚ್ಚಲ ಬಾಣಂತನ ಅಲ್ಲೇ. ಸುದ್ದಿ ಬಂದ ದಿನ ನಾನು ಎರಡು ಕೈಯಲ್ಲೂ ಪೇಢೆ ಹಿಡಿದು ಹಂಚಿದೆ. ಹಂಚಿದವರಿಗೇ ಮತ್ತೆ ಹಂಚಿದೆ ಅಂತ ಆಮೇಲೆ ಗೊತ್ತಾಯಿತು. ಯಾರೂ ಬ್ಯಾಡ ಅನ್ನಲಿಲ್ಲ.

ಹದಿಮೂರನೇ ದಿನ ಕುಂದಗೋಳದ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಊದುವವಳು ಕೂಸಿನ ಅತ್ತಿ, ಅಂದರೆ ಅಪ್ಪನ ಅಕ್ಕ ಇಲ್ಲವೇ ತಂಗಿ. ಆಕೆ ತೊಟ್ಟಿಲಿಗೆ ಬಗ್ಗಿ ಕುರ್‌ರ್ ಅಂದು ಹೆಸರು ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಧಬಾಧಬಾ ಗುದ್ದುತ್ತಾರೆ. ಗುದ್ದು ತಿನ್ನುವುದೇ ಆಕೆಯ ಮಾನ. ಗಿರಿಜಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಅಪ್ಪಾ, ರಜಾ ಸಿಕ್ಕೈತಿ. ನಾ ಬರೂತನಕಾ ಕೂಸಿನ ಕಿವಿಯಾಗ ಯಾರೂ ಬಾಯಿ ಇಡಬಾರದು. ದೊಡ್ಡತ್ತಿಗೆ ಆದಂಗ ನನಗ ಆಗಬಾರದು ನೋಡು."

ದೊಡ್ಡತ್ತಿ ಅಂದರೆ ನನ್ನ ಅಕ್ಕ. ಮೊರಬಕ್ಕೆ ಕೊಟ್ಟಿದ್ದೆವು. ಗಿರಿಜಾ ಹುಟ್ಟಿದಾಗ ಹೆಸರು ಇಡಬೇಕಾದವಳು ಆಕೆ. ಮೊರಬದಿಂದ ನಮ್ಮೂರಿಗೆ ಎಷ್ಟು ಮಹಾ ದೂರ? ಎತ್ತು ಬೆವರುವುದಕ್ಕೆ ಮೊದಲೇ ಮುಟ್ಟಬೇಕು. ಆದರೆ ನಡುವೆ ಬೆಣ್ಣಿಹಳ್ಳ ತುಂಬಿ ಬಂತು. ಅಕ್ಕ ಆ ದಂಡೆಯಲ್ಲಿ ಕೂಸಿನ ತಲೆಗೆ ಹಾಕುವ ಹೊಸ ಕುಂಚಿಗಿ ಮಡಿಲಲ್ಲಿ ಇಟ್ಟುಕೊಂಡು ಎರಡು ದಿನ ಕುಂತಳಂತೆ. ನಾವು ಇಲ್ಲಿ ದಾರಿ ನೋಡಿ ನೋಡಿ, ಕಡೆಗೆ ಬಾಜು ಮನೆಯಾಕಿಯಿಂದ ಹೆಸರು ಹೇಳಿಸಿದೆವು. ಮೂರನೇ ದಿನ ಅಕ್ಕ ಕೆಸರು ತುಳಿದುಕೊಂಡು ಬಂದಳು. ಬೈಯಲಿಲ್ಲ. ಕೂಸಿಗೆ ಕುಂಚಿಗಿ ಹಾಕಿ, "ನನ್ನ ಬೆನ್ನು ಖಾಲಿ ಉಳೀತಲ್ಲೋ ತಮ್ಮಾ" ಅಂದಳು. ಆಕೆ ಈಗ ಇಲ್ಲ. ಆ ಮಾತು ಮಾತ್ರ ನನ್ನ ಮಗಳತನಕ ಬಂದೈತಿ. ಹಳ್ಳದ ಹಾದಿಯಲ್ಲೇ ಹಾಗಾದರೆ ಆರುನೂರು ಹರದಾರಿ ಹಾದಿಯಲ್ಲಿ ಏನಾದೀತು ಅಂತ ನನಗೂ ಒಳಗೊಳಗೆ ಪುಕುಪುಕು.

ಅದಕ್ಕೇ ಟಿಕೇಟಿನ ಕಾಗದ ಬಂದಿದ್ದೇ ಕಣ್ಣಿಗೆ ಹತ್ತಿರ ಹಿಡಿದು ಓದಿದೆ. ಸಿಂಗಾಪುರ ಬಿಡುವುದು ಬೆಳಗಿನ ಒಂಬತ್ತಕ್ಕೆ. ಬೆಂಗಳೂರು ಮುಟ್ಟುವುದು ಹನ್ನೊಂದು ಹೊಡೆದು ಐದು ನಿಮಿಷಕ್ಕೆ. ನನಗೆ ಸೋಜಿಗ ಆಯಿತು. ಹೋಗುವಾಗ ಆಕೆ ಬೆಂಗಳೂರಿನಲ್ಲಿ ಹನ್ನೊಂದಕ್ಕೆ ಏರಿ ಸಂಜೆ ಆರಕ್ಕೆ ಇಳಿದಿದ್ದಳು. ಏಳು ತಾಸು. ಬರುವಾಗ ಎರಡೇ ತಾಸು!

ನೀವು ಕಲಿತವರು ನಗಬಹುದು. ನನಗೆ ಮಾತ್ರ ಉತ್ತರ ಅರ್ಧ ನಿಮಿಷದಲ್ಲಿ ಹೊಳೆಯಿತು. ನಮ್ಮಲ್ಲಿ ಒಂದು ಜೋಡಿ ಎತ್ತಿತ್ತು. ಅಣ್ಣಿಗೇರಿ ಸಂತೆಗೆ ಹೊರಟರೆ ಎಡಗಡೆಯದು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುವುದು, ಬಲಗಡೆಯದು ಗಿಡ ಕಂಡಲ್ಲಿ ಮುಖ ಹಾಕುವುದು. ಅದೇ ಸಂತೆ ಮುಗಿಸಿ ಮನೆ ಕಡೆ ನೊಗ ತಿರುಗಿಸಿದರೆ ಸಾಕು, ಹಗ್ಗ ಜಗ್ಗಿದರೂ ನಿಲ್ಲುತ್ತಿರಲಿಲ್ಲ. ನಾನು ಚಕ್ಕಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದೆ, ಅವು ನಮ್ಮ ಬಾಗಿಲ ಮುಂದೆ ನಿಂತು ನನ್ನನ್ನು ಎಬ್ಬಿಸುತ್ತಿದ್ದವು. ಒಮ್ಮೆ ನಿದ್ದೆಯಲ್ಲಿ ನಾನು ಹಾದಿಯಲ್ಲೇ ಉರುಳಿ ಬಿದ್ದೆ. ಎತ್ತುಗಳು ನನ್ನನ್ನು ಬಿಟ್ಟು ಮನೆ ಮುಟ್ಟಿದವು. ಖಾಲಿ ಚಕ್ಕಡಿ ನೋಡಿ ನಮ್ಮವ್ವ ಬಾಯಿ ಬಡಿದುಕೊಂಡು ಓಡಿಬಂದರೆ ನಾನು ಅರ್ಧ ಹರದಾರಿ ಹಿಂದೆ ಜೋಳದ ಹೊಲದ ಬದುವಿನಲ್ಲಿ ಇನ್ನೂ ಗೊರಕೆ ಹೊಡೆಯುತ್ತಿದ್ದೆ.

ಈ ಶಾಸ್ತ್ರವನ್ನು ಕಟ್ಟೆಯ ಮೇಲೆ ಬಿಡಿಸಿ ಹೇಳಿದೆ. ಅಲ್ಲಿ ಕುಂತವರೆಲ್ಲ ಎತ್ತು ಕಟ್ಟಿದವರೇ.

"ಖರೇ ಐತಿ ಕಾಕಾ," ಅಂದ ಒಬ್ಬ, "ಗಾಳಿನೂ ಹಿಂದಿಂದ ನೂಕ್ತಿರಬೇಕು."

"ಇಳಿಜಾರೂ ಇರಬೇಕಲೇ," ಅಂದ ಇನ್ನೊಬ್ಬ. "ಸಿಂಗಾಪುರ ಮ್ಯಾಲ ಐತಿ, ನಾವು ಕೆಳಗ."

ಹಿಂಗೆ ನಮ್ಮ ಊರ ಮಟ್ಟಿಗೆ ಆ ಪ್ರಶ್ನೆ ಬಗೆಹರಿಯಿತು.

ತೊಟ್ಟಿಲಿಗೆ ಬೀಗರು ಇಟ್ಟದ್ದು ಸಂಜೆ ಐದರ ಹೊತ್ತು. ನಾನೂ ಗಂಗವ್ವನೂ ಹಿಂದಿನ ದಿನವೇ ಕುಂದಗೋಳಕ್ಕೆ ಹೋಗಿ ಇದ್ದೆವು. ಕಾರ್ಯದ ದಿನ ನಸುಕಿನಲ್ಲೇ ಈರಣ್ಣ ಗಾಡಿ ತಗೊಂಡು ನಮ್ಮ ಕಡೆಯ ಮಂದಿಯನ್ನು ಕರೆತರಲು ಶಲವಡಿಗೆ ಹೋದ. ನಾನು ಜಳಕ ಮಾಡಿ, ಹೊಸ ಧೋತರ ಉಟ್ಟು, ಕೂಸಿನ ಖೋಲಿಯ ಬಾಗಿಲಲ್ಲಿ ಹತ್ತು ಸಲ ಹಾದುಹೋಗಿ ಹತ್ತೂ ಸಲ ಬೈಸಿಕೊಂಡು ಹೊರಗೆ ಬಂದು ಕುಂತೆ. ಆರೂವರೆ ಆಗಿರಬೇಕು, ಫೋನು ಬಂತು.

"ಅಪ್ಪಾ, ವಿಮಾನದಾಗ ಕುಂತೆ. ಬಿಡಾಕತ್ತೈತಿ. ಫೋನ್ ಬಂದ್ ಮಾಡ್ತೀನಿ," ಅಂದಳು ಗಿರಿಜಾ. ಅಷ್ಟೇ. ಬಂದ್ ಆಯಿತು.

ನಾನು ಗಡಿಯಾರ ನೋಡಿದೆ. ಕಾಗದ ನೋಡಿದೆ. ಕಾಗದದಲ್ಲಿ ಒಂಬತ್ತು. ಗಡಿಯಾರದಲ್ಲಿ ಆರೂವರೆ. ಎರಡೂವರೆ ತಾಸು ಮೊದಲೇ ಬಿಟ್ಟಿತು! ಇದೂ ನನಗೆ ತಿಳಿಯಲಾರದ್ದೇನಲ್ಲ. ನವಲಗುಂದದ ಟಂಟಂ ರಿಕ್ಷಾ ನೋಡಿಲ್ಲವೇ? ಎಂಟಕ್ಕೆ ಅಂದರೂ ಮಂದಿ ತುಂಬಿದರೆ ಏಳೂಕಾಲಿಗೇ ಬಿಡುತ್ತಾನೆ. ತುಂಬಿದ ಮೇಲೆ ಯಾಕೆ ನಿಲ್ಲಬೇಕು? ವಿಮಾನವೂ ತುಂಬಿತು, ಬಿಟ್ಟಿತು. ಎರಡು ತಾಸಿನ ಹಾದಿ, ಎಂಟೂವರೆಗೆ ಬೆಂಗಳೂರು. ಅಲ್ಲಿಂದ ಹುಬ್ಬಳ್ಳಿ ವಿಮಾನ. ಅದು ತುಂಬಲು ಎಷ್ಟು ಹೊತ್ತು? ಹುಬ್ಬಳ್ಳಿ ಮಂದಿ ಬೆಂಗಳೂರಿನಲ್ಲಿ ಕಡಿಮೆ ಇದ್ದಾರೇನು? ಹನ್ನೊಂದಕ್ಕೆಲ್ಲ ಮಗಳು ಕುಂದಗೋಳದಲ್ಲಿ!

"ಬೀಗ್ರ!" ಅಂತ ಕೂಗಿದೆ. ಬೀಗ ಶಿವಪ್ಪನವರು ಹಲ್ಲುಜ್ಜುತ್ತಿದ್ದವರು ಹಾಗೆಯೇ ಬಂದರು. "ಐದಕ್ಕ ಯಾಕ್ರಿ, ಹನ್ನೆರಡಕ್ಕ ಇಟ್ಟಬಿಡೂಣು. ಮಗಳು ಹನ್ನೊಂದಕ್ಕ ಇಲ್ಲಿರ್ತಾಳ. ಮಂದಿ ಬಿಸಿ ಬಿಸಿ ಹೋಳಿಗಿ ಉಂಡು ಹೊತ್ತ ಇರೂಮುಂದನ ಮನಿ ಮುಟ್ತಾರ."

ಶಿವಪ್ಪನವರು ಒಳ್ಳೆಯ ಮನುಷ್ಯ, ಬಾಯಿ ಮುಕ್ಕಳಿಸಿ ಹೂಂ ಅಂದರು. ನಾನೇ ಕುಂತು ಎಲ್ಲರಿಗೂ ಫೋನು ಹಚ್ಚಿದೆ. ಈರಣ್ಣನಿಗೂ ಹೇಳಿದೆ, "ಲಗೂ ತುಂಬ್ಕೊಂಡು ಬಾರಲೇ, ಹನ್ನೆರಡಕ್ಕ ತೊಟ್ಟಿಲ." ಗಾಡಿಯ ಸಪ್ಪಳದಲ್ಲಿ ಅವನಿಗೆ ಎಷ್ಟು ಕೇಳಿಸಿತೋ, ಹೂಂ ಅಂದ.

ಎಂಟೂವರೆ ಆಯಿತು. ಫೋನು ಬರಲಿಲ್ಲ. ಇಳಿದು ಬ್ಯಾಗು ಹುಡುಕುತ್ತಿರಬೇಕು ಅಂದುಕೊಂಡೆ. ಒಂಬತ್ತಾಯಿತು. ನಾನೇ ಹಚ್ಚಿದೆ. ಬಂದ್ ಇತ್ತು. ಒಂಬತ್ತೂವರೆ. ಬಂದ್. ಚಹಾ ಅಲ್ಲೇ ಇಟ್ಟು ಕಾಗದ ಮತ್ತೊಮ್ಮೆ ಬಿಚ್ಚಿದೆ. ಎರಡು ತಾಸಿನ ಹಾದಿಗೆ ಹೊರಟದ್ದು ಮೂರು ತಾಸಾದರೂ ಮುಟ್ಟಿಲ್ಲ ಅಂದರೆ ನಡುವೆ ಏನಾಯಿತು? ಕೆಳಗೆ ನೆಲ ಇದ್ದರೆ ನಿಂತೀತು, ಸಮುದ್ರದ ಮೇಲೆ ಎಲ್ಲಿ ನಿಂತೀತು? ಹಳ್ಳದ ದಂಡೆಯ ಮೇಲೆ ಕುಂತ ಅಕ್ಕ ಕಣ್ಣ ಮುಂದೆ ಬಂದಳು. ಅಕ್ಕನಿಗಾದರೂ ಕುಂದ್ರಲು ದಂಡೆ ಇತ್ತು.

ಹತ್ತಕ್ಕೆ ಅಡುಗೆಮನೆಗೆ ಹೋಗಿ ಗಂಗವ್ವನನ್ನು ಹಿತ್ತಲಿಗೆ ಕರೆದೆ. ಹೋಳಿಗೆ ಹೂರಣದ ಕೈಯಲ್ಲೇ ಬಂದಳು.

"ಗಂಗೀ, ವಿಮಾನ ಬಂದಿಲ್ಲ," ಅಂದೆ.

"ಇಷ್ಟ ಲಗೂ ಹೆಂಗ ಬರ್ತೈತ್ರಿ?"

"ಆರೂವರಿಗೆ ಬಿಟ್ಟೈತಿ. ಎರಡ ತಾಸಿನ ಹಾದಿ. ಹತ್ತಾತು!"

ಆಕೆ ನನ್ನ ಮುಖ ನೋಡಿದಳು. ಆಮೇಲೆ ಹೂರಣದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು ನೋಡ್ರಿ, ಹಿತ್ತಲಿನ ಕೋಳಿಗಳು ಚದುರಿದವು.

"ಅಲ್ರೀ, ದಿನಾ ಆಕಿಗೆ ಫೋನ್ ಹಚ್ಚಾಕಿ ನಾನು. ನಾ ಒಲಿ ಮುಂದ ಕುಂತು ರೊಟ್ಟಿ ಬಡಿಯೂ ಹೊತ್ತಿಗೆ ಆಕಿ ಅಲ್ಲಿ ಮಧ್ಯಾಹ್ನದ್ದು ಉಂಡು ಕೈ ತೊಳಕೊಂತಿರ್ತಾಳ. ನಾವು ಸಂಜೀ ಚಾ ಕುಡಿಯೂದ್ರಾಗ ಅಲ್ಲಿ ದೀಪ ಹಚ್ಚಿರ್ತಾರ. ಅವರಿಗೆ ಹೊತ್ತು ನಮಗಿಂತ ಮೊದಲ ಹುಟ್ತೈತಿ. ನಿಮ್ಮ ಆರೂವರಿನ ಅವರ ಒಂಬತ್ತು."

"ಮತ್ತ ಎರಡ ತಾಸು?"

"ಎರಡೂ ಅಲ್ಲ, ಏಳೂ ಅಲ್ಲ. ನಾಕೂವರಿ ತಾಸು. ಹೋಗಾಕೂ ಅಷ್ಟ, ಬರಾಕೂ ಅಷ್ಟ. ಆಕಿನ ಹೇಳ್ಯಾಳ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ಕಾಗದ ಹಿಡ್ಕೊಂಡು ಊರಿಗೆಲ್ಲಾ ಪಾಠಾ ಹೇಳಾಕತ್ತಿದ್ರಿ. ಮಾಸ್ತರಿಗೆ ನಾ ಏನ ಹೇಳ್ಲಿ?"

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅಲ್ಲೇ ನೀರಿನ ತೊಟ್ಟಿಯ ಕಟ್ಟೆಗೆ ಕುಂತು ಬೆರಳು ಮಡಿಚಿದೆ. ಆರೂವರೆಗೆ ನಾಲ್ಕೂವರೆ ಕೂಡಿಸಿದರೆ ಹನ್ನೊಂದು. ಹಾಗಾದರೆ ವಿಮಾನ ಇನ್ನೂ ಮುಟ್ಟುವ ಹೊತ್ತೇ ಆಗಿಲ್ಲ! ನನ್ನ ಮಗಳು ಸಮುದ್ರದ ಮೇಲೆ ಆರಾಮಾಗಿ ಕುಂತು ಉಪ್ಪಿಟ್ಟು ತಿನ್ನುತ್ತಿದ್ದಾಳೆ! ಎದೆಯ ಮೇಲಿನ ಕಲ್ಲು ಇಳಿದಂಗಾಗಿ ಎದ್ದು ನಿಂತೆ. ನಿಂತವನಿಗೆ ಆಗ ಉಳಿದದ್ದು ನೆನಪಾಯಿತು. ಹನ್ನೆರಡಕ್ಕೆ ಮಂದಿ ಬರುತ್ತಾರೆ.

ಹನ್ನೊಂದೂಕಾಲಿಗೆ ಫೋನು ಬಂತು. "ಇಳಿದೆ ಅಪ್ಪಾ! ಹುಬ್ಬಳ್ಳಿ ವಿಮಾನ ಒಂದೂವರಿಗೆ ಐತಿ. ನಾಕರ ಸುಮಾರಿಗೆ ಬರ್ತೀನಿ. ಕಾರ್ಯ ಐದಕ್ಕಲ್ಲ? ಇನ್ನೂ ಒಂದ ತಾಸ ಉಳೀತೈತಿ!"

"ತುಂಬಿದ್ರ ಮೊದಲ ಬಿಡಂಗಿಲ್ಲೇನವ್ವಾ?" ಅಂತ ಕೇಳಿಯೇಬಿಟ್ಟೆ.

"ಏನು ತುಂಬಿದ್ರ?"

"ಏನಿಲ್ಲವ್ವಾ. ಸಾವಕಾಶ ಬಾ," ಅಂದೆ. ಹನ್ನೆರಡರ ಸುದ್ದಿ ಹೇಳಲು ನಾಲಿಗೆ ಏಳಲಿಲ್ಲ.

ಹನ್ನೆರಡು ಹೊಡೆಯುವುದಕ್ಕೆ ಈರಣ್ಣನ ಗಾಡಿ ಬಾಗಿಲಿಗೆ ಬಂತು. ಮೊದಲು ಇಳಿದವಳು ನನ್ನ ದೊಡ್ಡಪ್ಪನ ಸೊಸೆ ತಂಗೆವ್ವ. ನನಗೆ ವೈನಿ, ಅಂದರೆ ಅತ್ತಿಗೆ. ಊರಿನ ಹೆಂಗಸರಿಗೆಲ್ಲ ಆಕೆಯೇ ಮುಂದಾಳು, ದನಿ ಹೊಲದ ಆಚೆ ದಂಡೆಗೂ ಕೇಳಬೇಕು.

"ಎಲ್ಲಿ ಅದಾಳೋ ನಿಮ್ಮ ಸಿಂಗಾಪುರದಾಕಿ?" ಅಂದಳು.

ಹೇಳಬೇಕಾಯಿತು. ಅಂಗಳದಲ್ಲಿ ನಿಂತು, ಎರಡೂ ಕಡೆಯ ಬೀಗರ ಮುಂದೆ, ಎತ್ತಿನ ಲೆಕ್ಕ, ಟಂಟಂ ಲೆಕ್ಕ, ಎಲ್ಲ ಹೇಳಿದೆ. ನಕ್ಕವರು ನಕ್ಕರು. ಈರಣ್ಣ ಮಾತ್ರ ಹಣೆ ಹಿಡಿದುಕೊಂಡು, "ಅಪ್ಪಾ, ವಿಮಾನಾನೂ ಟಂಟಂ ಮಾಡಿದ್ಯಲ್ಲೋ," ಅಂತ ಹುಬ್ಬಳ್ಳಿ ಕಡೆ ಗಾಡಿ ತಿರುಗಿಸಿದ. ಆದರೆ ತಂಗೆವ್ವ ನಗಲಿಲ್ಲ.

"ನಾಕರತನಕಾ ಕುಂದ್ರಾಕ ಆಗಂಗಿಲ್ಲಪಾ. ಎಮ್ಮಿ ಹಿಂಡಾವ್ರು ಯಾರು? ನನ್ನ ಮಗಳು ಶಾಂತಾ ಇಲ್ಲೇ ಅದಾಳಲ್ಲ, ಆಕಿನೂ ಈರಣ್ಣಗ ತಂಗೀನ. ಆಕಿ ಹೆಸರ ಹೇಳ್ಲಿ, ಉಂಡು ಹೋಗೂಣು."

ಮಾತು ತಪ್ಪಲ್ಲ. ಹನ್ನೆರಡಕ್ಕೆ ಬರ್ರಿ ಅಂದವನು ನಾನೇ. ಶಾಂತಾ ಸೆರಗು ಸರಿಮಾಡಿಕೊಂಡು ನಿಂತೂ ಬಿಟ್ಟಳು. ಹಳ್ಳ ತುಂಬಿದರೆ ದೇವರನ್ನಾದರೂ ಬೈಯಬಹುದು. ಇಲ್ಲಿ ಹಳ್ಳ ತುಂಬಿಸಿದವನು ನಾನು. ನನ್ನ ಮಗಳು ಆರುನೂರು ಹರದಾರಿ ದಾಟಿ ಬಂದು, ಒಂದು ಹೊತ್ತಿನ ಹಾದಿ ಉಳಿದಾಗ ಬೆನ್ನು ಖಾಲಿ ಆಗುತ್ತದಲ್ಲ! ಗಂಗವ್ವನ ಕಡೆ ನೋಡಿದೆ.

ಆಕೆ ನನ್ನ ಕಡೆ ನೋಡಲೇ ಇಲ್ಲ. ಒಳಗೆ ಹೋಗಿ ಖಾರ ಅರೆಯುವ ಗುಂಡಕಲ್ಲು ಎತ್ತಿಕೊಂಡು ಬಂದಳು. ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಅದಕ್ಕೊಂದು ಕುಂಚಿಗಿ ತೊಡಿಸಿದಳು. ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲೇರುವವನು ಇವನೇ. ಗುಂಡಪ್ಪ ಅಂತೀವಿ. ಕೂಸು ಕಲ್ಲಿನಂಗ ಗಟ್ಟಿಯಾಗಲಿ ಅಂತ ಇವನಿಗೆ ಒಂದೆರಡು ಹಾಡು ಹೇಳಿ, ತೂಗಿ, ಇಳಿಸಿ, ಆಮೇಲೆ ಕೂಸು.

"ಗುಂಡಪ್ಪನ ಪಾಳಿ ಮೊದಲ ಮುಗೀಲಿ ಅಕ್ಕಾ," ಅಂದಳು ಗಂಗವ್ವ ತಂಗೆವ್ವನಿಗೆ, ಅಗದಿ ಸಣ್ಣ ದನಿಯಲ್ಲಿ. "ಹಾಡ ಇರೂತನಕಾ ಇವನ್ನ ಇಳಸಬಾರದಲ್ಲ. ನಮ್ಮ ಶಲವಡಿಯವರಿಗೆ ಎಷ್ಟ ಬರ್ತಾವೋ ಅಷ್ಟ ಹಾಡ್ರಿ. ಬರದಿದ್ರ ಬಿಡ್ರಿ, ಕುಂದಗೋಳದವರು ಹೆಂಗೂ ಹಾಡಾವ್ರ ಅದಾರ. ಇದು ಸಂಗೀತದ ಊರು."

ತಂಗೆವ್ವನ ಮೂಗಿನ ನತ್ತು ಒಮ್ಮೆ ಅದುರಿತು. "ನಮಗ ಬರಂಗಿಲ್ಲ ಅಂದವರ್ಯಾರು?" ಅಂತ ತೊಟ್ಟಿಲಿನ ಹಗ್ಗ ಹಿಡಿದು ಕುಂತಳು.

ಆಕೆ ಒಂದು ಜೋಗುಳ ಹೇಳಿದಳು. ಬೀಗತಿ ನೀಲವ್ವ ಒಂದು ಹೇಳಿದಳು. ಈ ಕಡೆ ಎರಡು, ಆ ಕಡೆ ಮೂರು. ಒಂದು ಕಡೆ ಉಂಡು ಬರುವತನಕ ಇನ್ನೊಂದು ಕಡೆ ಹಾಡುವುದು ಅಂತ ಒಪ್ಪಂದವಾಯಿತು. ನಾನು ಹೊರಗಿನ ಕಟ್ಟೆಯಲ್ಲಿ ಗಡಿಯಾರ ಹಿಡಿದು ಕುಂತು, ಪ್ರತಿ ಹಾಡಿಗೂ "ಶಾಬಾಸ್!" ಅನ್ನುತ್ತಿದ್ದೆ. ಎರಡೂವರೆಗೆ ಜೋಗುಳ ತೀರಿದವು. ಇನ್ನು ಮುಗಿಯಿತು ಅಂದುಕೊಂಡೆ. ತಂಗೆವ್ವ ಎಮ್ಮೆಯನ್ನು ಅಗದಿ ಮರೆತಿದ್ದಳು. ಬೀಸುವ ಪದ ಎತ್ತಿಕೊಂಡಳು. "ಕಲ್ಲಿಗೆ ಬೀಸೂ ಹಾಡು ಸಲ್ಲಂಗಿಲ್ಲೇನು?" ಅಂದಳು. ಕುಂದಗೋಳದವರು ಬಿತ್ತುವ ಪದ ತೆಗೆದರು. ಮೂರಕ್ಕೆ ರಾಶಿ ಪದ ಬಂದವು. ಒಳಗೆ ಖೋಲಿಯಲ್ಲಿ ನಿಜವಾದ ಕೂಸು ತಾಯಿಯ ಮಗ್ಗುಲಿಗೆ ತಣ್ಣಗೆ ನಿದ್ದೆ ಮಾಡುತ್ತಿತ್ತು. ಹೊರಗೆ ಪಡಸಾಲೆಯಲ್ಲಿ ಖಾರ ಅರೆಯುವ ಕಲ್ಲಿಗೆ ಎರಡೂರಿನ ಹೆಂಗಸರು ಬೆವರು ಸುರಿಸಿ ಹಾಡುತ್ತಿದ್ದರು. ಯಾವ ರಾಜನ ಮಗನನ್ನೂ ಅಷ್ಟು ತೂಗಿರಲಿಕ್ಕಿಲ್ಲ.

ನಾಲ್ಕಕ್ಕೆ ಇನ್ನೂ ಐದು ನಿಮಿಷ. ಓಣಿಯ ತುದಿಯಲ್ಲಿ ಗಾಡಿ ನಿಲ್ಲುವುದಕ್ಕೆ ಮೊದಲೇ ಬಾಗಿಲು ತೆರೆಯಿತು. ಗಿರಿಜಾ ಬಂದಳು. ಕೂದಲು ಕೆದರಿತ್ತು, ಕಾಲಲ್ಲಿ ಬಿಳಿ ಬೂಟು, ಹೆಗಲ ಮೇಲೆ ಚೀಲ. ಅಂಗಳದಲ್ಲಿ ಬೂಟು ಒಂದು ಕಡೆ, ಚೀಲ ಒಂದು ಕಡೆ ಒಗೆದು, ಕಾಲಿಗೆ ನೀರು ಹಾಕಿಕೊಂಡು ಓಡಿದಳು.

"ಇಟ್ಟಬಿಟ್ರೇನು? ಹೆಸರ ಇಟ್ಟಬಿಟ್ರೇನು?" ಈರಣ್ಣ ದಾರಿಯಲ್ಲಿ ಎಲ್ಲ ಹೇಳಿದ್ದ ಅಂತ ಕಾಣುತ್ತದೆ. ಮುಖ ಬಿಳಿಚಿಕೊಂಡಿತ್ತು.

"ಇಡೂದಕ ನಿಮ್ಮವ್ವ ಬಿಟ್ರಲ್ಲ!" ಅಂದಳು ತಂಗೆವ್ವ. ದನಿ ಬಿದ್ದು ಹೋಗಿತ್ತು. "ಬಾರ್ಲೇ, ಬಗ್ಗು. ನಾಕ ತಾಸಿಂದು ಐತಿ ನಿನಗ."

ಗುಂಡಪ್ಪನನ್ನು ಇಳಿಸಿದರು. ಕೂಸನ್ನು ಮಲಗಿಸಿದರು. ಗಿರಿಜಾ ಬಗ್ಗಿದಳು. ಗಂಡಸರು ಅಲ್ಲಿಗೆ ಹೋಗಬಾರದು ಅಂತೇನಿಲ್ಲ, ಹೋಗುವುದಿಲ್ಲ ಅಷ್ಟೇ. ಅವತ್ತು ನಾನು ಬಾಗಿಲು ದಾಟಿ ಒಳಗೇ ನಿಂತೆ. ಕುರ್‌ರ್ ಅಂದದ್ದು ಕೇಳಿತು. ಹೆಸರು ಕೇಳಲಿಲ್ಲ, ಅಷ್ಟರಲ್ಲಿ ಗುದ್ದು ಶುರುವಾಗಿದ್ದವು. ಶಲವಡಿಯವರು, ಕುಂದಗೋಳದವರು, ಶಾಂತಾ ಕೂಡ. ಗಿರಿಜಾ "ಸಾಕ್ರೇ, ಸಾಯ್ತೀನ್ರೇ" ಅಂತ ನಗುತ್ತಿದ್ದಳು. ಕಣ್ಣಿಂದ ನೀರು ತೊಟ್ಟಿಲಿನ ಪಟ್ಟಿಯ ಮೇಲೆ ಬೀಳುತ್ತಿತ್ತು.

"ಅಪ್ಪಾ, ಬಾ. ನೀನೂ ಒಂದ ಹೊಡಿ," ಅಂದಳು ಬಗ್ಗಿದಲ್ಲಿಂದಲೇ.

ಮುಷ್ಟಿ ಎತ್ತಿದೆ. ಹೊಡೆಯಲು ಬರಲಿಲ್ಲ. ಕೈ ಬಿಚ್ಚಿ ಆಕೆಯ ಬೆನ್ನಿನ ಮೇಲೆ ಇಟ್ಟೆ. ಬೆನ್ನು ಕಾದ ಹಂಚಿನಂಗ ಬೆಚ್ಚಗಿತ್ತು. ಹಾಗೇ ನಿಂತಿದ್ದೆ, ಅಷ್ಟರಲ್ಲಿ ಹಿಂದಿನಿಂದ ನನ್ನ ಬೆನ್ನಿಗೇ ಧಬ್ ಅಂತ ಒಂದು ಬಿತ್ತು. ತಿರುಗಿ ನೋಡಿದರೆ ಗಂಗವ್ವ.

"ಇದು ನಿಮ್ಮ ಎರಡೂವರಿ ತಾಸಿಂದು," ಅಂದಳು.

ಮನೆ ಮಂದಿಯೆಲ್ಲ ನಕ್ಕ ಸಪ್ಪಳಕ್ಕೆ ಕೂಸು ಎದ್ದು, ಕಣ್ಣು ಬಿಟ್ಟು, ಮೊದಲ ಸಲ ನನ್ನನ್ನೇ ನೋಡಿತು. ಹೆಸರು ಸುನಂದಾ ಅಂತ್ರೀ. ನೀವೂ ಒಮ್ಮೆ ಜೋರಾಗಿ ಕರೆದು ನೋಡ್ರಿ, ಬಾಯಾಗ ಎಷ್ಟು ಚಂದ ಕೂಡ್ತೈತಿ.